ಪರದೇಶಕ್ಕೆ ಹೋಗುವ ದಾಖಲೆಗಳ ದೃಢೀಕರಣ: ವರ್ತಕರು ಅರಿತಿರಬೇಕಾದ ಕ್ರಮ

ಕಲಬುರಗಿಯ ತೊಗರಿಬೇಳೆ ದೇಶದ ಮಾರುಕಟ್ಟೆಗಳಿಗೆ ಹೊಸದಲ್ಲ. ಆದರೆ ದೇಶದ ಗಡಿಯನ್ನು ದಾಟುವ ವ್ಯಾಪಾರದಲ್ಲಿ ನಮ್ಮ ದಾಲ್ ಮಿಲ್ಲುಗಳಿಗೆ ಬಹುಕಾಲ ಅವಕಾಶವೇ ಇರಲಿಲ್ಲ. 2006ರಲ್ಲಿ ಕೇಂದ್ರ ಸರ್ಕಾರವು ಕೆಲವು ವಿನಾಯಿತಿಗಳನ್ನುಳಿದು ಬೇಳೆಕಾಳುಗಳ ರಫ್ತನ್ನು ನಿಷೇಧಿಸಿತು. ತೊಗರಿಯ ಮಟ್ಟಿಗೆ ಆ ನಿಷೇಧವು ತೆರವಾದದ್ದು 2017ರಲ್ಲಿ. ಅನಂತರ 2019ರಲ್ಲಿ ‘ಗುಲ್ಬರ್ಗಾ ತೂರ್ ದಾಲ್’ ಎಂಬ ಹೆಸರಿನಲ್ಲಿ ನಮ್ಮ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಕಮಲಾಪುರದ ಕೆಂಪು ಬಾಳೆಗೆ ಈ ಮಾನ್ಯತೆ ಅದಕ್ಕೂ ಮೊದಲೇ ಲಭಿಸಿತ್ತು.

ಹನ್ನೊಂದು ವರ್ಷ ಬಾಗಿಲು ಮುಚ್ಚಿದ್ದುದರ ಪರಿಣಾಮ ಮಾರುಕಟ್ಟೆಯ ಮೇಲೆ ಮಾತ್ರ ಆದದ್ದಲ್ಲ. ರಫ್ತಿನ ಕಾಗದಪತ್ರಗಳ ಅಭ್ಯಾಸವೂ ನಮ್ಮಲ್ಲಿ ಬೆಳೆಯದೆ ಉಳಿಯಿತು. ಸರಕು ಚೊಕ್ಕವಾಗಿದ್ದು, ದರವೂ ಒಪ್ಪಿಗೆಯಾಗಿ, ಹಡಗು ಬಂದರು ಬಿಟ್ಟ ಮೇಲೆ ಒಂದು ಮುದ್ರೆಯ ಕೊರತೆಯಿಂದ ಹಣ ನಿಂತುಹೋಗುವುದುಂಟು. ಇನ್ನೊಂದೆಡೆ, ಅಗತ್ಯವೇ ಇಲ್ಲದ ಮುದ್ರೆಗಾಗಿ ಬೆಂಗಳೂರು, ದೆಹಲಿಗಳಿಗೆ ಕಾಗದ ಕಳುಹಿಸಿ ವಾರಗಟ್ಟಲೆ ಕಾಯುವವರೂ ಇದ್ದಾರೆ. ಆದ್ದರಿಂದ ಪರದೇಶದಲ್ಲಿ ಬಳಸಬೇಕಾದ ದಾಖಲೆಗಳಿಗೆ ಅಧಿಕೃತ ಮಾನ್ಯತೆ ಪಡೆಯುವ ಕ್ರಮವನ್ನು ವರ್ತಕರು ಹಾಗೂ ಸಣ್ಣ ಉದ್ದಿಮೆದಾರರ ದೃಷ್ಟಿಯಿಂದ ಇಲ್ಲಿ ವಿವರಿಸಲಾಗಿದೆ.

ಮುದ್ರೆಯು ಏನನ್ನು ಹೇಳುತ್ತದೆ?

ಗಂಜಿನ ಹಳೆಯ ವ್ಯವಹಾರವನ್ನು ಬಲ್ಲವರಿಗೆ ಶಾಹ್‌ಜೋಗ್ ಹುಂಡಿಯ ಪರಿಚಯವಿರುತ್ತದೆ. ಅದರ ಹಣವನ್ನು ಹುಂಡಿ ತಂದವನಿಗೆಲ್ಲ ಕೊಡುವಂತಿರಲಿಲ್ಲ; ಪೇಟೆಯಲ್ಲಿ ಗುರುತಿರುವ ಮರ್ಯಾದಸ್ಥ ಸಾಹುಕಾರನ ಮೂಲಕವೇ ಅದು ಬರಬೇಕಾಗಿತ್ತು. ಅಪರಿಚಿತನನ್ನು ಪರಿಚಿತನೊಬ್ಬನು ಗುರುತಿಸಿದರೆ ವ್ಯವಹಾರ ಮುಂದುವರಿಯುತ್ತಿತ್ತು. ದಾಖಲೆಗಳ ದೃಢೀಕರಣದ ತತ್ತ್ವವೂ ಇದೇ ಆಗಿದೆ. ಕಲಬುರಗಿಯ ನೋಟರಿಯ ಸಹಿಯನ್ನು ಮಸ್ಕತ್‌ನ ಅಧಿಕಾರಿ ಅರಿಯನು. ನೋಟರಿಯನ್ನು ರಾಜ್ಯ ಸರ್ಕಾರ ಅರಿತಿರುತ್ತದೆ. ರಾಜ್ಯದ ಅಧಿಕಾರಿಯ ಸಹಿಯನ್ನು ಕೇಂದ್ರದ ವಿದೇಶಾಂಗ ವ್ಯವಹಾರಗಳ ಸಚಿವಾಲಯ ಅರಿತಿರುತ್ತದೆ. ಸಚಿವಾಲಯದ ಮುದ್ರೆಯನ್ನು ಪರದೇಶ ಅರಿತಿರುತ್ತದೆ. ಹೀಗೆ ಒಂದು ಸಹಿಗೆ ಮತ್ತೊಂದು ಸಹಿ ಸಾಕ್ಷಿಯಾಗಿ ಸರಪಣಿಯೊಂದು ಏರ್ಪಡುತ್ತದೆ.

ಇಲ್ಲಿ ಮುಖ್ಯವಾಗಿ ಮನಗಾಣಬೇಕಾದ ಅಂಶವೊಂದಿದೆ. ಈ ಮುದ್ರೆಗಳಾವುವೂ ದಾಖಲೆಯಲ್ಲಿ ಬರೆದಿರುವ ವಿಷಯ ಸತ್ಯವೆಂದು ಹೇಳುವುದಿಲ್ಲ. ಸಹಿಯು ನಿಜವಾದುದು, ಸಹಿ ಮಾಡಿದವರು ಆ ಸ್ಥಾನದಲ್ಲಿದ್ದವರು, ಮೊಹರು ಅಸಲಿ ಎಂಬುದನ್ನಷ್ಟೇ ಅವು ಹೇಳುತ್ತವೆ. ಬೀಜಕದಲ್ಲಿ ತೂಕ ತಪ್ಪಾಗಿದ್ದರೆ ಅದು ನಾಲ್ಕು ಮುದ್ರೆ ಬಿದ್ದ ಮೇಲೂ ತಪ್ಪಾಗಿಯೇ ಉಳಿಯುತ್ತದೆ, ಹೊಣೆಯೂ ಬರೆದವರ ಮೇಲೆಯೇ ಉಳಿಯುತ್ತದೆ. ಮೊದಲ ಕೊಂಡಿ ಕಲಬುರಗಿಯಲ್ಲಿ ಸಡಿಲವಾದರೆ ದೆಹಲಿಯ ಮುದ್ರೆ ಅದನ್ನು ಬಿಗಿ ಮಾಡಲಾರದು.

ಅಪೋಸ್ಟಿಲ್ ಒಪ್ಪಂದ

ಪ್ರತಿ ದೇಶದ ರಾಯಭಾರ ಕಚೇರಿಗೂ ದಾಖಲೆ ಹೊತ್ತು ತಿರುಗುವ ಶ್ರಮವನ್ನು ತಪ್ಪಿಸುವ ಸಲುವಾಗಿ 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಏರ್ಪಟ್ಟಿತು. ಇದರ ಪ್ರಕಾರ ದಾಖಲೆ ಹೊರಟ ದೇಶದ ಗೊತ್ತುಪಡಿಸಿದ ಅಧಿಕಾರಿಯು ‘ಅಪೋಸ್ಟಿಲ್’ ಎಂಬ ಒಂದೇ ಪ್ರಮಾಣಪತ್ರವನ್ನು ಲಗತ್ತಿಸಿದರೆ ಸಾಕು. ಒಪ್ಪಂದಕ್ಕೆ ಸೇರಿದ ಇತರ ದೇಶಗಳು ರಾಯಭಾರ ಕಚೇರಿಯ ಮುದ್ರೆಯನ್ನು ಕೇಳುವಂತಿಲ್ಲ. ಭಾರತದ ಮಟ್ಟಿಗೆ ಈ ಒಪ್ಪಂದವು 2005ರ ಜುಲೈ 14ರಿಂದ ಜಾರಿಯಲ್ಲಿದೆ.

ಅಪೋಸ್ಟಿಲ್‌ನ ಮಾದರಿಯೂ ಒಪ್ಪಂದದಲ್ಲಿಯೇ ನಿಗದಿಯಾಗಿದೆ. ಅದು ಕನಿಷ್ಠ 9 ಸೆಂಟಿಮೀಟರ್ ಬದಿಯ ಚೌಕ, ಅದರಲ್ಲಿ ಕ್ರಮಸಂಖ್ಯೆಯುಳ್ಳ ಹತ್ತು ಬಾಬುಗಳು. ದೇಶ, ಸಹಿ ಮಾಡಿದವರ ಹೆಸರು, ಅವರ ಹುದ್ದೆ, ಮೊಹರಿನ ವಿವರ, ಸ್ಥಳ, ದಿನಾಂಕ, ದೃಢೀಕರಿಸಿದ ಅಧಿಕಾರಿ, ಪತ್ರದ ಸಂಖ್ಯೆ ಮುಂತಾದವು ಅದರಲ್ಲಿರುತ್ತವೆ. ಶೀರ್ಷಿಕೆಯು ಫ್ರೆಂಚ್ ಭಾಷೆಯಲ್ಲಿರಬೇಕು. ಪ್ರತಿಯೊಂದು ಅಪೋಸ್ಟಿಲ್‌ಗೂ ಪ್ರತ್ಯೇಕ ಸಂಖ್ಯೆಯಿದ್ದು ಅದನ್ನು ದಫ್ತರದಲ್ಲಿ ದಾಖಲಿಸಲಾಗುತ್ತದೆ. ಪರದೇಶದ ಗ್ರಾಹಕರು ಆ ಸಂಖ್ಯೆಯಿಂದ ಅದರ ನೈಜತೆಯನ್ನು ಪರಿಶೀಲಿಸಿಕೊಳ್ಳಬಹುದು.

ಭಾರತದಲ್ಲಿ ಅಪೋಸ್ಟಿಲ್ ನೀಡುವ ಅಧಿಕಾರವು ವಿದೇಶಾಂಗ ವ್ಯವಹಾರಗಳ ಸಚಿವಾಲಯಕ್ಕೆ ಸೇರಿದೆ. ಮೊದಲು ಈ ಕಾರ್ಯವು ದೆಹಲಿಯಲ್ಲಿ ಕೇಂದ್ರೀಕೃತವಾಗಿತ್ತು. 2019ರ ಜನವರಿ 1ರಿಂದ ಬೆಂಗಳೂರು, ಹೈದರಾಬಾದು, ಮುಂಬಯಿ, ಚೆನ್ನೈ ಸೇರಿದಂತೆ 15 ನಗರಗಳಿಗೆ ಇದನ್ನು ವಿಸ್ತರಿಸಲಾಯಿತು. ದಾಖಲೆಗಳನ್ನು ಸಾರ್ವಜನಿಕರಿಂದ ನೇರವಾಗಿ ಸ್ವೀಕರಿಸದೆ, ಸಚಿವಾಲಯವು ನೇಮಿಸಿದ ಸೇವಾ ಸಂಸ್ಥೆಗಳ ಮೂಲಕ ಪಡೆಯಲಾಗುತ್ತದೆ. ಈ ಸಂಸ್ಥೆಗಳ ಪಟ್ಟಿ ಸಚಿವಾಲಯದ ಜಾಲತಾಣದಲ್ಲಿದೆ. ಆ ಪಟ್ಟಿಯಲ್ಲಿಲ್ಲದ ಮಧ್ಯವರ್ತಿಗೆ ಅಸಲು ದಾಖಲೆ ಒಪ್ಪಿಸುವುದು ವಿವೇಕವಲ್ಲ. ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ‘ಇ-ಸನದ್’ ವ್ಯವಸ್ಥೆಯೂ 2017ರಿಂದ ಇದೆ. ದಾಖಲೆ ನೀಡಿದ ಸಂಸ್ಥೆಯು ಆ ವ್ಯವಸ್ಥೆಗೆ ಸೇರಿದ್ದರೆ ಮಾತ್ರ ಅದರ ಪ್ರಯೋಜನ ದೊರೆಯುತ್ತದೆ.

ಯಾವ ದೇಶ ಒಳಗೆ, ಯಾವುದು ಹೊರಗೆ?

ಇಂದು 125ಕ್ಕೂ ಹೆಚ್ಚು ದೇಶಗಳು ಒಪ್ಪಂದಕ್ಕೆ ಸೇರಿವೆ. ನಮ್ಮ ವರ್ತಕರಿಗೆ ಹತ್ತಿರವಾದ ಕೊಲ್ಲಿ ರಾಷ್ಟ್ರಗಳು ಮಾತ್ರ ಎರಡು ಗುಂಪುಗಳಾಗಿ ನಿಂತಿವೆ. ಒಮಾನ್ 2012ರಿಂದ, ಬಹರೇನ್ 2013ರ ಕೊನೆಯಿಂದ, ಸೌದಿ ಅರೇಬಿಯಾ 2022ರ ಡಿಸೆಂಬರ್‌ನಿಂದ ಒಪ್ಪಂದದ ಒಳಗಿವೆ. ಸಂಯುಕ್ತ ಅರಬ್ ಸಂಸ್ಥಾನ, ಕತಾರ್ ಹಾಗೂ ಕುವೈತ್ ಹೊರಗಿವೆ. ಏಷ್ಯಾದಲ್ಲಿ ಸಿಂಗಪುರ 2021ರಲ್ಲಿಯೂ ನೆರೆಯ ಬಾಂಗ್ಲಾದೇಶ 2025ರ ಮಾರ್ಚ್‌ನಲ್ಲಿಯೂ ಒಳಗೆ ಬಂದವು. ಭಾರತವು ಸೇರಿದಾಗ ಜರ್ಮನಿ ಮೊದಲಾದ ಕೆಲವು ದೇಶಗಳು ಆಕ್ಷೇಪ ಸೂಚಿಸಿದ್ದವು. ಅವುಗಳಲ್ಲಿ ಕೆಲವು ಅದನ್ನು ಅನಂತರ ಹಿಂತೆಗೆದುಕೊಂಡವು. ಆಕ್ಷೇಪ ಉಳಿದಿರುವಷ್ಟು ಕಾಲ ಆ ಎರಡು ದೇಶಗಳ ನಡುವೆ ಒಪ್ಪಂದ ಅನ್ವಯಿಸುವುದಿಲ್ಲ. ಆದ್ದರಿಂದ ನೆರೆಯ ವರ್ತಕರ ಹಳೆಯ ಅನುಭವವನ್ನು ನಂಬದೆ, ಹೇಗ್ ಸಮ್ಮೇಳನದ ಜಾಲತಾಣದಲ್ಲಿರುವ ಸದಸ್ಯರ ಪಟ್ಟಿಯನ್ನು ಪ್ರತಿ ಬಾರಿಯೂ ನೋಡಿಕೊಳ್ಳುವುದು ಲೇಸು.

ಒಪ್ಪಂದದ ಹೊರಗಿರುವ ದೇಶಕ್ಕೆ ಹಳೆಯ ಸರಪಣಿಯೇ ಗತಿ. ಸಚಿವಾಲಯದ ಸಾಮಾನ್ಯ ದೃಢೀಕರಣವಾದ ಮೇಲೆ ಆ ದೇಶದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ಮುದ್ರೆ ಬೇಕು. ಹಲವು ವೇಳೆ ಅಲ್ಲಿಗೆ ತಲುಪಿದ ಬಳಿಕ ಅಲ್ಲಿನ ವಿದೇಶಾಂಗ ಸಚಿವಾಲಯದ ಮುದ್ರೆಯೂ ಬೇಕಾಗುತ್ತದೆ. ಇಂಥ ದೇಶಕ್ಕೆ ಹೋಗುವ ದಾಖಲೆಗೆ ಅಪೋಸ್ಟಿಲ್ ಮಾಡಿಸಿದರೆ ಹಣವೂ ಕಾಲವೂ ವ್ಯರ್ಥ. ಅರ್ಜಿಯಲ್ಲಿ ದೇಶದ ಹೆಸರನ್ನು ಸ್ಪಷ್ಟವಾಗಿ ನಮೂದಿಸುವುದು ಇದೇ ಕಾರಣದಿಂದ ಅಗತ್ಯ.

ಮೊದಲ ಸಹಿ ಯಾರದು?

ವಿದೇಶಾಂಗ ಸಚಿವಾಲಯವು ಯಾವುದೇ ದಾಖಲೆಯನ್ನು ನೇರವಾಗಿ ದೃಢೀಕರಿಸುವುದಿಲ್ಲ. ತನ್ನ ಬಳಿ ಮಾದರಿ ಸಹಿ ಇರುವ ಅಧಿಕಾರಿಯ ದೃಢೀಕರಣವು ಮೊದಲು ಬಿದ್ದಿರಬೇಕು. ದಾಖಲೆಯ ಬಗೆಯನ್ನು ಅನುಸರಿಸಿ ಆ ಅಧಿಕಾರಿ ಬೇರೆಯಾಗುತ್ತಾರೆ.

ಮೊದಲನೆಯದಾಗಿ, ಜನನ, ವಿವಾಹ ಪ್ರಮಾಣಪತ್ರ, ನೋಟರಿಯ ಮುಂದೆ ಮಾಡಿದ ಮುಖ್ತಿಯಾರ್‌ನಾಮೆ, ಅಫಿಡವಿಟ್ ಮುಂತಾದ ವೈಯಕ್ತಿಕ ದಾಖಲೆಗಳಿಗೆ ರಾಜ್ಯ ಸರ್ಕಾರದ ಗೃಹ ಇಲಾಖೆಯಂತಹ ಗೊತ್ತುಪಡಿಸಿದ ಪ್ರಾಧಿಕಾರದ ಸಹಿ ಬೇಕು. ಎರಡನೆಯದಾಗಿ, ಪದವಿ ಹಾಗೂ ಅಂಕಪಟ್ಟಿಗಳಿಗೆ ರಾಜ್ಯದ ಶಿಕ್ಷಣ ಪ್ರಾಧಿಕಾರದ ಸಹಿ ಬೇಕು. ಪರದೇಶದ ಶಾಖೆಗೆ ತಂತ್ರಜ್ಞರನ್ನು ಕಳುಹಿಸುವ ಉದ್ದಿಮೆದಾರರಿಗೆ ಇದು ಉಪಯುಕ್ತ. ಮೂರನೆಯದಾಗಿ, ಬೀಜಕ, ದರಪಟ್ಟಿ, ಏಜೆನ್ಸಿ ಒಪ್ಪಂದ, ಕಂಪನಿಯ ನಿರ್ಣಯ ಮುಂತಾದ ವಾಣಿಜ್ಯ ದಾಖಲೆಗಳಿಗೆ ವಾಣಿಜ್ಯ ಮಂಡಳಿಯ, ಅಂದರೆ ಚೇಂಬರಿನ ಪೂರ್ವ ದೃಢೀಕರಣ ಬೇಕು.

ಈ ಮೂರನೆಯ ಬಾಬು ನಮ್ಮ ವರ್ತಕ ಸಮುದಾಯದ ಮೇಲೆ ವಿಶೇಷ ಹೊಣೆಯನ್ನು ಹೊರಿಸುತ್ತದೆ. ಚೇಂಬರಿನ ಪರವಾಗಿ ಸಹಿ ಮಾಡುವವರ ಮಾದರಿ ಸಹಿಯು ಸಚಿವಾಲಯದಲ್ಲಿ ಇಲ್ಲದಿದ್ದರೆ, ಮುದ್ರೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ದಾಖಲೆ ಹಿಂದಿರುಗುತ್ತದೆ. ಪದಾಧಿಕಾರಿಗಳು ಬದಲಾದಾಗ ಹೊಸ ಮಾದರಿ ಸಹಿಗಳು ತಲುಪಿರುವುದನ್ನು ಖಚಿತಪಡಿಸಿಕೊಳ್ಳುವುದು ಯಾವುದೇ ಚೇಂಬರಿನ ಕರ್ತವ್ಯ. ದಾಖಲೆ ಸಲ್ಲಿಸುವ ಮುನ್ನ ಆ ಬಗ್ಗೆ ವಿಚಾರಿಸುವುದು ಸದಸ್ಯರ ಹಕ್ಕು. ಚೇಂಬರಿಗೆ ಬರುವ ಸದಸ್ಯರು ಕೂಡ ಅಧಿಕೃತ ಸಹಿದಾರರ ಹೆಸರು, ಹುದ್ದೆ ಮತ್ತು ಮಾದರಿ ಸಹಿಯನ್ನು ಸಂಸ್ಥೆಯ ಪತ್ರಶೀರ್ಷಿಕೆಯ ಮೇಲೆ ಮೊದಲೇ ಕೊಟ್ಟಿರಬೇಕು. ಖಾಲಿ ಪತ್ರದ ಮೇಲೆ ಮುದ್ರೆ ಕೇಳುವುದೂ ಕೊಡುವುದೂ ಸಲ್ಲದು.

ಉತ್ಪತ್ತಿ ಮೂಲದ ಪ್ರಮಾಣಪತ್ರ

ಸರಕು ಯಾವ ದೇಶದಲ್ಲಿ ಉತ್ಪನ್ನವಾಯಿತೆಂದು ಹೇಳುವ ‘ಸರ್ಟಿಫಿಕೇಟ್ ಆಫ್ ಒರಿಜಿನ್’ ರಫ್ತುದಾರರಿಗೆ ಅತಿ ಪರಿಚಿತವಾದ ದಾಖಲೆ. ಇದರಲ್ಲಿ ಎರಡು ಬಗೆಗಳಿವೆ. ವ್ಯಾಪಾರ ಒಪ್ಪಂದದ ಅಡಿಯಲ್ಲಿ ಸುಂಕದ ರಿಯಾಯಿತಿ ಕೊಡಿಸುವುದು ಆದ್ಯತಾ ಪ್ರಮಾಣಪತ್ರ. ರಿಯಾಯಿತಿಯ ಸಂಬಂಧವಿಲ್ಲದೆ ಮೂಲವನ್ನಷ್ಟೇ ಹೇಳುವುದು ಆದ್ಯತಾರಹಿತ ಪ್ರಮಾಣಪತ್ರ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಮೊದಲನೆಯದನ್ನು ನೀಡುವ ಸಂಸ್ಥೆಗಳನ್ನು ಅನುಬಂಧ 2ಬಿ ಯಲ್ಲಿಯೂ ಎರಡನೆಯದನ್ನು ನೀಡುವ ಸಂಸ್ಥೆಗಳನ್ನು ಅನುಬಂಧ 2ಇ ಯಲ್ಲಿಯೂ ಪಟ್ಟಿ ಮಾಡಿದೆ. 2025ರ ಜನವರಿ 1ರಿಂದ ಆದ್ಯತಾರಹಿತ ಪತ್ರಗಳಿಗೂ ವಿದ್ಯುನ್ಮಾನ ಅರ್ಜಿಯನ್ನೇ ಕಡ್ಡಾಯಗೊಳಿಸಲಾಗಿದೆ.

ದುಬೈಗೆ ಬೇಳೆ ಕಳುಹಿಸುವವರು ಈ ಭೇದವನ್ನು ಚೆನ್ನಾಗಿ ಅರಿಯಬೇಕು. ಭಾರತ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳ ನಡುವಣ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದವು 2022ರ ಮೇ 1ರಂದು ಜಾರಿಗೆ ಬಂದಿತು. ಅದರ ಅಡಿಯ ಆದ್ಯತಾ ಪ್ರಮಾಣಪತ್ರಕ್ಕೆ ಎರಡೂ ಸರ್ಕಾರಗಳ ನಡುವಣ ಏರ್ಪಾಡೇ ಆಧಾರ. ಬೀಜಕದ ವಿಷಯ ಬೇರೆ. 10,000 ದಿರ್ಹಮ್ ಅಥವಾ ಅದಕ್ಕೂ ಹೆಚ್ಚು ಮೌಲ್ಯದ ಆಮದು ಬೀಜಕಗಳಿಗೆ ಅಲ್ಲಿನ ವಿದೇಶಾಂಗ ಸಚಿವಾಲಯದ ವಿದ್ಯುನ್ಮಾನ ದೃಢೀಕರಣವನ್ನು ಆ ದೇಶವು 2023ರ ಫೆಬ್ರವರಿ 1ರಿಂದ ಜಾರಿಗೆ ತಂದಿತು. ಈ ಶುಲ್ಕವನ್ನು ಯಾರು ಭರಿಸಬೇಕೆಂಬುದನ್ನು ಸೌದೆಯ ವೇಳೆಯಲ್ಲಿಯೇ ಬರಹದಲ್ಲಿ ತೀರ್ಮಾನಿಸಿಕೊಳ್ಳತಕ್ಕದ್ದು.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕಾಗಿದೆ. ವಾಣಿಜ್ಯ ಅಥವಾ ಸುಂಕದ ಕಾರ್ಯಾಚರಣೆಗೆ ನೇರವಾಗಿ ಸಂಬಂಧಿಸಿದ ಆಡಳಿತಾತ್ಮಕ ದಾಖಲೆಗಳನ್ನು ಹೇಗ್ ಒಪ್ಪಂದದ ಮೊದಲನೆಯ ವಿಧಿಯೇ ಹೊರಗಿಟ್ಟಿದೆ. ಇಂಥವಕ್ಕೆ ಹಲವು ದೇಶಗಳು ಯಾವ ಹೆಚ್ಚಿನ ದೃಢೀಕರಣವನ್ನೂ ಕೇಳುತ್ತಿರಲಿಲ್ಲವೆಂಬುದು ಅದಕ್ಕೆ ಕಾರಣ. ಈ ಹೊರಗಿಡುವಿಕೆಯನ್ನು ಆದಷ್ಟು ಸಂಕುಚಿತವಾಗಿ ಅರ್ಥೈಸಬೇಕೆಂದು ಹೇಗ್ ಸಮ್ಮೇಳನವು ಸಲಹೆ ನೀಡಿದೆ. ಅನೇಕ ದೇಶಗಳು ಮೂಲದ ಪ್ರಮಾಣಪತ್ರಕ್ಕೂ ಅಪೋಸ್ಟಿಲ್ ನೀಡುತ್ತವೆ, ಸ್ವೀಕರಿಸುತ್ತವೆ. ಆಚರಣೆ ಒಂದೇ ತೆರನಾಗಿಲ್ಲದ ಕಾರಣ, ಸರಕನ್ನು ಬಿಡಿಸಿಕೊಳ್ಳುವ ಬಂದರಿನಲ್ಲಿ ಏನು ಬೇಕೆಂದು ಖರೀದಿದಾರರಿಂದ ಬರಹದಲ್ಲಿ ಪಡೆಯುವುದೇ ಸುರಕ್ಷಿತ.

ಹೆಚ್ಚಿನ ಮುದ್ರೆ ಬೇಡದ ದಾಖಲೆಗಳು: ಕಮಲಾಪುರದ ನಿದರ್ಶನ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಮಾರ್ಗದಲ್ಲಿರುವ ಕಮಲಾಪುರದ ಕೆಂಪು ಬಾಳೆಯನ್ನು ಒಬ್ಬ ವರ್ತಕರು ಪರದೇಶಕ್ಕೆ ಕಳುಹಿಸಲು ಬಯಸಿದ್ದಾರೆಂದು ಭಾವಿಸೋಣ. ಹಣ್ಣು ಕಾಯುವ ಸರಕಲ್ಲ. ರಾಯಭಾರ ಕಚೇರಿಯ ಮುದ್ರೆಗಾಗಿ ಹತ್ತು ದಿನ ಕಳೆದರೆ ಹಣ್ಣೇ ಉಳಿಯದು. ಇಲ್ಲಿ ಮುಖ್ಯವಾದ ದಾಖಲೆ ಸಸ್ಯ ಆರೋಗ್ಯ ಪ್ರಮಾಣಪತ್ರ, ಅಂದರೆ ಫೈಟೊಸ್ಯಾನಿಟರಿ ಸರ್ಟಿಫಿಕೇಟ್. ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಮಾದರಿಯಲ್ಲಿ ಕೇಂದ್ರ ಕೃಷಿ ಸಚಿವಾಲಯದ ಅಧೀನದ ಸಸ್ಯ ಸಂರಕ್ಷಣಾ ವ್ಯವಸ್ಥೆಯ ಅಧಿಕೃತ ಅಧಿಕಾರಿಗಳು ಇದನ್ನು ನೀಡುತ್ತಾರೆ. ಇದು ಸರ್ಕಾರದಿಂದ ಸರ್ಕಾರಕ್ಕೆ ಹೋಗುವ ದಾಖಲೆಯಾದುದರಿಂದ ಇದಕ್ಕೆ ಅಪೋಸ್ಟಿಲ್‌ನ ಅಗತ್ಯವಿಲ್ಲ. ಬೇಳೆಯ ರಫ್ತಿನಲ್ಲಿಯೂ ಆಮದು ದೇಶವು ಈ ಪತ್ರವನ್ನು ಕೇಳಿದರೆ ಇದೇ ಮಾತು ಅನ್ವಯಿಸುತ್ತದೆ.

ಭೌಗೋಳಿಕ ಸೂಚಿಕೆಯ ವಿಚಾರದಲ್ಲಿಯೂ ತಪ್ಪು ತಿಳಿವಳಿಕೆಗೆ ಎಡೆಯಿದೆ. 1999ರ ಕಾಯ್ದೆಯಡಿ ಚೆನ್ನೈನ ನೋಂದಣಿ ಕಚೇರಿಯಲ್ಲಿ ‘ಅಧಿಕೃತ ಬಳಕೆದಾರ’ರೆಂದು ನೋಂದಾಯಿತರಾದವರು ಆ ಪ್ರಮಾಣಪತ್ರದ ಪ್ರತಿಯನ್ನು ದೃಢೀಕರಿಸಿ ಖರೀದಿದಾರರಿಗೆ ತೋರಿಸಬಹುದು, ಅದರಿಂದ ವಿಶ್ವಾಸ ಹೆಚ್ಚುತ್ತದೆ. ಆದರೆ ಅಪೋಸ್ಟಿಲ್ ಬಿದ್ದ ಮಾತ್ರಕ್ಕೆ ಆ ಹೆಸರಿಗೆ ಪರದೇಶದಲ್ಲಿ ಕಾನೂನಿನ ರಕ್ಷಣೆ ಬರುವುದಿಲ್ಲ. ಅದಕ್ಕೆ ಆಯಾ ದೇಶದ ಕಾನೂನಿನಂತೆ ಪ್ರತ್ಯೇಕ ಕ್ರಮ ಬೇಕು.

ಗುಲ್ಬರ್ಗಾ, ಕಲಬುರಗಿ: ಹೆಸರಿನ ತೊಡಕು

ನಮ್ಮ ಭಾಗಕ್ಕೆ ವಿಶಿಷ್ಟವಾದ ತೊಡಕೊಂದಿದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರು ಅಧಿಕೃತವಾಗಿ ಬದಲಾದಾಗ ಗುಲ್ಬರ್ಗಾ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ನಮಗೆ ಇದು ಹೆಮ್ಮೆಯ ವಿಷಯ, ಗೊಂದಲದ್ದಲ್ಲ. ಆದರೆ ಪಾಲುದಾರಿಕೆ ಪತ್ರದಲ್ಲಿ ಗುಲ್ಬರ್ಗಾ, ಜಿ.ಎಸ್.ಟಿ. ನೋಂದಣಿಯಲ್ಲಿ ಕಲಬುರಗಿ, ಬ್ಯಾಂಕಿನ ಪತ್ರದಲ್ಲಿ ಕಲಬುರ್ಗಿ ಎಂದಿರುವ ಕಡತವು ಪರದೇಶದ ಗುಮಾಸ್ತರ ಮುಂದೆ ಬಂದರೆ ಅವರು ಮೂರು ಊರುಗಳೆಂದೇ ಭಾವಿಸಬಹುದು. ಬೇಳೆಯ ಭೌಗೋಳಿಕ ಸೂಚಿಕೆಯೇ ಗುಲ್ಬರ್ಗಾ ಹೆಸರಿನಲ್ಲಿರುವಾಗ ಚೀಲದ ಮೇಲೊಂದು ಹೆಸರು, ಬೀಜಕದಲ್ಲೊಂದು ಹೆಸರು ಇರುವುದು ಸಹಜ. ಕಮಲಾಪುರವೂ ಒಂದೇ ಅಲ್ಲ. ವಿಜಯನಗರ ಜಿಲ್ಲೆಯಲ್ಲಿ ಹಂಪಿಯ ಬಳಿ ಇನ್ನೊಂದು ಕಮಲಾಪುರವಿದೆ. ಆದುದರಿಂದ ತಾಲ್ಲೂಕು, ಜಿಲ್ಲೆ ಮತ್ತು ಪಿನ್‌ಕೋಡ್‌ಗಳನ್ನು ಬಿಡದೆ ಬರೆಯಬೇಕು.

ಪರಿಹಾರ ಕಷ್ಟದ್ದಲ್ಲ. ಇಂಗ್ಲಿಷ್ ಕಾಗುಣಿತವೊಂದನ್ನು ನಿಶ್ಚಯಿಸಿ ರಫ್ತುದಾರರ ಐ.ಇ.ಸಿ. ಸಂಖ್ಯೆ, ಜಿ.ಎಸ್.ಟಿ., ಬ್ಯಾಂಕ್ ಖಾತೆ, ಚೇಂಬರಿನ ಸದಸ್ಯತ್ವ ಈ ನಾಲ್ಕರಲ್ಲಿಯೂ ಅದನ್ನೇ ಬಳಸುವುದು. ಐ.ಇ.ಸಿ. ವಿವರಗಳನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ದೃಢಪಡಿಸಬೇಕಾಗಿರುವುದರಿಂದ ಈ ತಿದ್ದುಪಡಿಗೆ ಅದೇ ತಕ್ಕ ಕಾಲ. ಹಳೆಯ ದಾಖಲೆಯನ್ನು ತಿದ್ದಬಾರದು; ಅದರೊಡನೆ ಹೆಸರು ಬದಲಾವಣೆಯ ಸರ್ಕಾರಿ ಅಧಿಸೂಚನೆಯ ಪ್ರತಿಯನ್ನೂ ಎರಡೂ ಹೆಸರು ಒಂದೇ ಊರಿನವೆಂಬ ಅಫಿಡವಿಟ್ಟನ್ನೂ ಇಡಬೇಕು. ವ್ಯಕ್ತಿಯ ಹೆಸರಿನ ಮೊದಲಕ್ಷರಗಳ ವಿಸ್ತರಣೆಯು ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಪಾಲುದಾರಿಕೆ ಪತ್ರದಲ್ಲಿ ಇನ್ನೊಂದು ಬಗೆ ಇರುವಲ್ಲಿಯೂ ಇದೇ ಕ್ರಮ.

ಭಾಷೆಯ ಪ್ರಶ್ನೆಯೂ ಇದಕ್ಕೆ ಸೇರಿದ್ದು. ನಮ್ಮ ಜಿಲ್ಲೆ 1956ರವರೆಗೆ ಹೈದರಾಬಾದ್ ಸಂಸ್ಥಾನ ಹಾಗೂ ರಾಜ್ಯದ ಭಾಗವಾಗಿದ್ದುದರಿಂದ ಹಳೆಯ ಮನೆತನಗಳ ಆಸ್ತಿಪತ್ರಗಳು ಉರ್ದುವಿನಲ್ಲಿವೆ, ಅನಂತರದವು ಕನ್ನಡದಲ್ಲಿವೆ. ಮೂಲದ ಮೇಲಿನ ಮುದ್ರೆ ಅನುವಾದಕ್ಕೆ ಅನ್ವಯಿಸುವುದಿಲ್ಲ. ಅನುವಾದವನ್ನು ಪ್ರತ್ಯೇಕವಾಗಿ ದೃಢೀಕರಿಸಬೇಕಾಗಬಹುದು. ಅರಬ್ಬೀ ಅನುವಾದವಾದರೆ ಅದನ್ನು ಇಲ್ಲಿ ಮಾಡಿಸುವ ಮುನ್ನ, ಆ ದೇಶದ ಪರವಾನಗಿ ಪಡೆದ ಅನುವಾದಕರೇ ಬೇಕೇ ಎಂದು ಕೇಳಿಕೊಳ್ಳಬೇಕು.

ಎಲ್.ಸಿ. ಮತ್ತು 21 ದಿನಗಳು

ಲೆಟರ್ ಆಫ್ ಕ್ರೆಡಿಟ್ ಮೂಲಕ ಹಣ ಬರುವಲ್ಲಿ ದೃಢೀಕರಣದ ವಿಳಂಬವು ನೇರವಾಗಿ ನಷ್ಟಕ್ಕೆ ದಾರಿಯಾಗುತ್ತದೆ. 2007ರ ಜುಲೈ 1ರಿಂದ ಬಳಕೆಯಲ್ಲಿರುವ ಯು.ಸಿ.ಪಿ. 600 ನಿಯಮಗಳ ಪ್ರಕಾರ, ಬಿಲ್ ಆಫ್ ಲೇಡಿಂಗ್‌ನಂತಹ ಅಸಲು ಸಾಗಣೆ ದಾಖಲೆಯಿರುವ ಕಾಗದಗಳನ್ನು ಸರಕು ಹಡಗೇರಿದ ದಿನದಿಂದ 21 ದಿನಗಳೊಳಗೆ, ಎಲ್.ಸಿ.ಯ ಅವಧಿ ಮುಗಿಯುವ ಮುನ್ನವೇ ಬ್ಯಾಂಕಿಗೆ ಸಲ್ಲಿಸಬೇಕು, ಎಲ್.ಸಿ.ಯಲ್ಲಿ ಇನ್ನೂ ಕಡಿಮೆ ಅವಧಿ ಹೇಳಿರಬಹುದು. ಬ್ಯಾಂಕು ನೋಡುವುದು ಕಾಗದವನ್ನು, ಬೇಳೆಯನ್ನಲ್ಲ. ‘ರಾಯಭಾರ ಕಚೇರಿಯಿಂದ ದೃಢೀಕೃತ ಬೀಜಕ’ ಎಂಬ ಷರತ್ತು ಎಲ್.ಸಿ.ಯಲ್ಲಿದ್ದು, ಆ ಮುದ್ರೆ 22ನೆಯ ದಿನ ಕೈಸೇರಿದರೆ ಬ್ಯಾಂಕು ಅದನ್ನು ಲೋಪವೆಂದು ಪರಿಗಣಿಸುತ್ತದೆ. ಬೆಲೆ ಇಳಿದಿರುವ ಪೇಟೆಯಲ್ಲಿ ಖರೀದಿದಾರನಿಗೆ ದರ ಕಡಿತ ಕೇಳಲು ಅದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಹಾಗಾಗಿ ಎಲ್.ಸಿ.ಯ ಕರಡು ಬಂದೊಡನೆ ದೃಢೀಕರಣದ ಷರತ್ತುಗಳನ್ನು ಹುಡುಕಿ ಓದಬೇಕು. ಅನಗತ್ಯವಾದುದನ್ನು ತೆಗೆಸಬೇಕು, ಅಗತ್ಯವಾದುದಕ್ಕೆ ದಿನಗಳನ್ನು ಹೆಚ್ಚಿಸಿಕೊಳ್ಳಬೇಕು. ಹಡಗೇರಿದ ಮೇಲೆ ಖರೀದಿದಾರನ ಒಪ್ಪಿಗೆಯಿಲ್ಲದೆ ಈ ತಿದ್ದುಪಡಿ ಸಾಧ್ಯವಿಲ್ಲ.

ನೆನಪಿಡಬೇಕಾದ ಅಂಶಗಳು

1. ಮೊದಲು ಎರಡು ಪ್ರಶ್ನೆ: ದಾಖಲೆ ಯಾವ ದೇಶಕ್ಕೆ, ದಾಖಲೆ ಯಾವ ಬಗೆಯದು? ದಾರಿ ಇವೆರಡರಿಂದಲೇ ನಿರ್ಧಾರವಾಗುತ್ತದೆ.
2. ಪಡೆಯುವ ಕಚೇರಿಗೆ ಅಸಲು ಬೇಕೋ, ನೋಟರಿ ದೃಢೀಕರಿಸಿದ ಪ್ರತಿ ಸಾಕೋ ಎಂಬುದನ್ನು ಬರಹದಲ್ಲಿ ಕೇಳಿಕೊಳ್ಳುವುದು.
3. ಲ್ಯಾಮಿನೇಷನ್ ಮಾಡಿದ ದಾಖಲೆಗಳ ಮೇಲೆ ಮುದ್ರೆ ಹಾಕಲು ತೊಡಕಾಗುತ್ತದೆ. ಅಸಲು ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸದಿರುವುದು.
4. ಅಪೋಸ್ಟಿಲ್ ಅಂಟಿಸಿದ ಹಾಳೆಯನ್ನು ಮೂಲದಿಂದ ಬೇರ್ಪಡಿಸದಿರುವುದು. ಪಿನ್ನು ಕೂಡ ಕೀಳಬಾರದು.
5. ಮುಖ್ತಿಯಾರ್‌ನಾಮೆಯಲ್ಲಿ ಕೊಡುವ ಅಧಿಕಾರ, ಅದರ ಮಿತಿ ಮತ್ತು ಅವಧಿಯನ್ನು ಸ್ಪಷ್ಟವಾಗಿ ಬರೆಯುವುದು. ಮುದ್ರೆ ಬಿದ್ದ ಮೇಲೆ ಸೇರಿಸಿದ ಒಂದು ಅಕ್ಷರವೂ ಇಡೀ ದಾಖಲೆಯನ್ನು ಶಂಕೆಗೆ ಒಡ್ಡುತ್ತದೆ.
6. ದಾಖಲೆ ಕೈಸೇರಿದೊಡನೆ ಅಪೋಸ್ಟಿಲ್ ಸಂಖ್ಯೆಯನ್ನು ನೀವೇ ಪರಿಶೀಲಿಸುವುದು. ‘ಒಂದೇ ದಿನದಲ್ಲಿ ಎಲ್ಲ ಮುದ್ರೆ’ ಎನ್ನುವ ಮಧ್ಯವರ್ತಿಯಿಂದ ಬಂದ ನಕಲಿ ಮುದ್ರೆಯು ಪರದೇಶದಲ್ಲಿ ಪತ್ತೆಯಾದರೆ ತೊಂದರೆಗೊಳಗಾಗುವವರು ದಾಖಲೆಯ ಒಡೆಯರೇ.
7. ಕಳುಹಿಸಿದ ಪ್ರತಿ ದಾಖಲೆಯ ಎರಡೂ ಬದಿಯ ಪ್ರತಿಯನ್ನು ಕಚೇರಿಯ ಕಡತದಲ್ಲಿ ಇಡುವುದು.

ಸಾರಾಂಶವಿಷ್ಟೆ. ಮುದ್ರೆಗಳ ಸಂಖ್ಯೆ ಹೆಚ್ಚಿದಷ್ಟೂ ದಾಖಲೆಯ ಬಲ ಹೆಚ್ಚುತ್ತದೆಂಬುದು ತಪ್ಪು ಭಾವನೆ. ಸರಿಯಾದ ದೇಶಕ್ಕೆ ಸರಿಯಾದ ಮುದ್ರೆ, ಅದರ ಕೆಳಗೆ ನಿಜವನ್ನೇ ಹೇಳುವ ಶುದ್ಧವಾದ ಬರಹ, ಇವೆರಡಿದ್ದರೆ ಸಾಕು. ಮೊದಲಿನದನ್ನು ಕಚೇರಿಗಳು ಕೊಡುತ್ತವೆ. ಎರಡನೆಯದು ಗಂಜಿನ ಅಂಗಡಿಯಲ್ಲಿ, ಮಿಲ್ಲಿನ ಮೇಜಿನ ಮೇಲೆ, ಬೀಜಕ ಬರೆಯುವ ಗಳಿಗೆಯಲ್ಲಿಯೇ ತೀರ್ಮಾನವಾಗುತ್ತದೆ.